ಮುಂದಿನ ಡಿಸ್ಕಿಗೆ 64 ತೂತು

ನನ್ನದು ರಾಜ್‌ದೂತ್ 350. 1983ರಲ್ಲಿ ಬಂದ ಈ ಬೈಕಿಗೆ ಕಂಪನಿ ಕೊಟ್ಟಿದ್ದು ಡ್ರಮ್ ಬ್ರೇಕ್. ನನಗಿಂತ ಮೊದಲು ಓಡಿಸುತ್ತಿದ್ದವರು ಮುಂದಿನ ಚಕ್ರಕ್ಕೆ ಎಪ್ಪತ್ತರ ದಶಕದ ಜಪಾನ್ ಬೈಕಿನ ಡಿಸ್ಕ್ ಹಾಕಿಸಿದ್ದರು. ಸ್ಟೇನ್‌ಲೆಸ್ ಸ್ಟೀಲ್, ಒಂದು ತೂತೂ ಇಲ್ಲ. ಬಿಚ್ಚಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ: 1 ಕೆಜಿ 940 ಗ್ರಾಂ. ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ಕೂರದ ತೂಕ ಇದು. ಗುಂಡಿ ಬಂದಾಗಲೆಲ್ಲ ಚಕ್ರದ ಜತೆ ಏರಿ ಇಳಿಯುತ್ತದೆ. ತೂತು ಕೊರೆದು ಇದನ್ನು ಇಳಿಸೋಣ ಅಂದುಕೊಂಡೆ.

ಕಪನೂರಿನ ಲೇತ್ ಅಂಗಡಿಯ ಚಾಚಾ ನೋಡಿ, "ಒಂದು ಮಿಲಿಮೀಟರ್ ಉಜ್ಜಿ ತೆಗದ್ರ ಮುಗೀತಲ್ರಿ" ಅಂದರು. ಹಾಗೆ ಮಾಡಿದರೆ 200 ಗ್ರಾಂ ಇಳಿಯುತ್ತಿತ್ತು, ನಿಜ. ಆದರೆ ಡಿಸ್ಕ್ ಆಗಲೇ 6.9 ಮಿ.ಮೀ.ಗೆ ಸವೆದಿತ್ತು. ಅದರ ಮೇಲೇ 6.5ಕ್ಕಿಂತ ತೆಳು ಆಗಬಾರದು ಅಂತ ಕೊರೆದಿದೆ. ಬೇಡ ಅಂದೆ. ಬ್ರೇಕ್ ವಿಷಯದಲ್ಲಿ ಆ ಅಂಕಿ ದಾಟಲೇಬಾರದು.

ಜಾಸ್ತಿ ಹೊತ್ತು ಹೋಗಿದ್ದು ತೂತಿನ ಜಾಗ ಗುರುತಿಸುವುದಕ್ಕೆ. 8 ಮಿ.ಮೀ. ತೂತು, ಓರೆಯಾದ 16 ಸಾಲು, ಸಾಲಿಗೆ ನಾಲ್ಕು. ಡಿಸ್ಕಿನ ಕೇಂದ್ರದಿಂದ ಒಂದೇ ದೂರದಲ್ಲಿ ಎಲ್ಲ ಕೊರೆದರೆ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮೇಲೆ ಗೆರೆ ಬೀಳುತ್ತದೆ. ಅದಕ್ಕೇ ಸಾಲಿನ ಪ್ರತಿ ತೂತನ್ನು ಹಿಂದಿನದಕ್ಕಿಂತ 7 ಮಿ.ಮೀ. ಹೊರಗೆ ಸರಿಸಿದೆ. ತೂತಿಗೂ ತೂತಿಗೂ, ತೂತಿಗೂ ಡಿಸ್ಕಿನ ಅಂಚಿಗೂ ಕನಿಷ್ಠ 5 ಮಿ.ಮೀ. ಲೋಹ ಉಳಿಸಿದೆ. ಈ ನಕ್ಷೆಯನ್ನು ಕಾಗದದಲ್ಲಿ ಬರೆದು ಡಿಸ್ಕಿಗೆ ಅಂಟಿಸಿದೆ.

ಮೊದಲು ಒಂದು ಗುಜರಿ ಡಿಸ್ಕಿನ ಮೇಲೆ ಕೈ ಪಳಗಿಸಿಕೊಂಡಿದ್ದು ಒಳ್ಳೆಯದಾಯಿತು. ಎರಡನೇ ತೂತಿಗೇ ಡ್ರಿಲ್ ಬಿಟ್ ಕಿರುಚಿ, ನೀಲಿಯಾಗಿ, ಮುರಿಯಿತು. ಚಾಚಾ ಬಂದು ಮಷೀನ್ ನಿಲ್ಲಿಸಿದರು. "ಸ್ಪೀಡ್ ಕಡಿಮಿ ಮಾಡ್ರಿ, ಒತ್ತೋದು ನಿಲ್ಲಿಸಬ್ಯಾಡ್ರಿ. ಸುಮ್ನ ತಿಕ್ಕಿದ್ರ ಈ ಸ್ಟೀಲ್ ಕಲ್ಲಾಗ್ತದ." ಮಾತು ಸರಿಯಾಗಿತ್ತು. ಬಿಟ್ ಕತ್ತರಿಸದೆ ಬರೀ ಉಜ್ಜಿದರೆ ಸ್ಟೇನ್‌ಲೆಸ್ ಅಲ್ಲೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಕೋಬಾಲ್ಟ್ ಬೆರೆಸಿದ ಗಟ್ಟಿ ಉಕ್ಕಿನ ಬಿಟ್ ತಂದೆ. ನಿಮಿಷಕ್ಕೆ 450 ಸುತ್ತು, ಕಟಿಂಗ್ ಆಯಿಲ್, ಒಂದೇ ಸಮನೆ ಒತ್ತಡ. ಎರಡು ಮಧ್ಯಾಹ್ನದಲ್ಲಿ 64 ಮುಗಿದವು.

ತೂತಿನ ಚೂಪು ಅಂಚನ್ನು ಎರಡೂ ಕಡೆ ಅರ್ಧ ಮಿ.ಮೀ. ಇಳಿಜಾರಾಗಿ ತೆಗೆದೆ. ಈ ಕೆಲಸಕ್ಕೆ ಸೋಮಾರಿತನ ಮಾಡಬೇಡಿ. ಬಿರುಕು ಹುಟ್ಟುವುದೇ ಅಲ್ಲಿಂದ, ಪ್ಯಾಡ್ ತುರಿಯುವುದೂ ಅದೇ ಅಂಚು. ಆಮೇಲೆ ಚಕ್ರದ ಬ್ಯಾಲೆನ್ಸ್ ನೋಡಿ, ಹೊಸ ಪ್ಯಾಡ್ ಹಾಕಿದೆ.

ಈಗ ತೂಕ 1 ಕೆಜಿ 760 ಗ್ರಾಂ. ಇಳಿದಿದ್ದು 180 ಗ್ರಾಂ. ಹ್ಯಾಂಡಲ್ ಹಗುರಾಯಿತು ಅಂತ ಹೇಳಿದರೆ ಅದು ಸುಳ್ಳು. ಆದರೆ ಹುಮನಾಬಾದ್ ರಸ್ತೆಯಲ್ಲಿ ಮಳೆಗೆ ಸಿಕ್ಕ ದಿನ ನಿಜವಾದ ಲಾಭ ಕಂಡಿತು. ಮೊದಲು ಒದ್ದೆ ಡಿಸ್ಕಿನಲ್ಲಿ ಲಿವರ್ ಒತ್ತಿದರೆ ಒಂದು ಕ್ಷಣ ಏನೂ ಆಗುತ್ತಿರಲಿಲ್ಲ, ಎದೆ ಝಲ್ ಅನ್ನುತ್ತಿತ್ತು. ಈಗ ನೀರಿಗೆ ತೂತಿನೊಳಗೆ ಜಾಗ ಸಿಗುತ್ತದೆ, ಬ್ರೇಕ್ ಕೂಡಲೇ ಹಿಡಿಯುತ್ತದೆ. ಪ್ಯಾಡ್ ಮಾತ್ರ ಸ್ವಲ್ಪ ಬೇಗ ಸವೆಯುತ್ತಿದೆ.

ಚೈನಿಗೆ ಎಣ್ಣೆ ಹಾಕುವ ದಿನವೇ ಟಾರ್ಚ್ ಹಿಡಿದು ಆ 64 ಅಂಚನ್ನೂ ನೋಡುತ್ತೇನೆ. ಕೂದಲೆಳೆಯಷ್ಟು ಬಿರುಕು ಕಂಡರೂ ಡಿಸ್ಕ್ ಗುಜರಿಗೆ. ಬೆಸುಗೆ ಹಾಕಿಸುವ ಮಾತೇ ಇಲ್ಲ.