ಮಳೆಗಾಲದಲ್ಲೂ ಒಣಗುವ ಕೌದಿ

ಜುಲೈ ತಿಂಗಳಲ್ಲಿ ಮೂಡಿಗೆರೆಯ ಬಾಣಂತಿ ಮನೆಗೆ ಕಾಲಿಟ್ಟರೆ ಮಗುವಿಗಿಂತ ಮೊದಲು ಬಟ್ಟೆ ಕಾಣುತ್ತದೆ. ಜಗಲಿಯ ಹಗ್ಗದಲ್ಲಿ, ಕುರ್ಚಿಯ ಬೆನ್ನಿನಲ್ಲಿ, ಬಚ್ಚಲ ಒಲೆಯ ಮೇಲೆ ಕಟ್ಟಿದ ಗಳುವಿನಲ್ಲಿ, ಎಲ್ಲೆಲ್ಲೂ ಅರ್ಧ ಒಣಗಿದ ಬಟ್ಟೆ. ನನ್ನ ಮಗಳ ಬಾಣಂತನವೂ ಅದೇ ತಿಂಗಳು ಬಂತು. ಇಪ್ಪತ್ತೆರಡು ವರ್ಷ ರವಿಕೆ ಹೊಲಿದ ಕೈ ನನ್ನದು, ಮೊಮ್ಮಗಳಿಗೆ ಒಂದು ಕೌದಿ ಹೊಲಿಯದಿದ್ದರೆ ಹೇಗೆ ಎಂದು ಹೊರಟೆ.

ಪಟ್ಟಿಗಳು ಅಮೆರಿಕದಿಂದ ಬಂದಿದ್ದವು. ಅಲ್ಲಿರುವ ನಾದಿನಿಯ ಮಗಳು ತಂದುಕೊಟ್ಟ ಸುರುಳಿ ಅದು. ಎರಡೂವರೆ ಇಂಚು ಅಗಲದ, ಸುಮಾರು 44 ಇಂಚು ಉದ್ದದ 40 ಹತ್ತಿ ಪಟ್ಟಿಗಳನ್ನು ಚಾಪೆಯಂತೆ ಸುತ್ತಿ ಕಟ್ಟಿರುತ್ತಾರೆ. ಅಲ್ಲಿ ಇದಕ್ಕೆ ಜೆಲ್ಲಿ ರೋಲ್ ಎನ್ನುತ್ತಾರೆ. ಕತ್ತರಿಸುವ ಕೆಲಸವೇ ಇಲ್ಲ, ಬಿಚ್ಚಿದರೆ ಬಣ್ಣಗಳು ತಾವಾಗಿಯೇ ಹೊಂದಿಕೊಂಡಿರುತ್ತವೆ.

ಮೊದಲ ಕೌದಿಯ ಒಳಗೆ ಅಂಗಡಿಯಲ್ಲಿ ಸಿಕ್ಕ ದಪ್ಪನೆಯ ಪಾಲಿಯೆಸ್ಟರ್ ಹಾಳೆ ಹಾಕಿದೆ. ನೋಡಲು ಬಹಳ ಚೆನ್ನಾಗಿತ್ತು. ಮಗು ಮೊದಲ ದಿನವೇ ಒದ್ದೆ ಮಾಡಿತು, ಒಗೆದು ಹಾಕಿದೆವು, ಮೂರನೆಯ ದಿನಕ್ಕೆ ಮುಗ್ಗಲು ವಾಸನೆ ಬಂತು. ನಮ್ಮ ಅತ್ತೆ ಎಂದಿನಂತೆ ಕೆಂಡದ ಮೇಲೆ ಬಿದಿರಿನ ಬುಟ್ಟಿ ಮಗುಚಿ ಅದನ್ನು ಹರಡಲು ಹೊರಟರು. ಪಾಲಿಯೆಸ್ಟರ್ ಬಿಸಿಗೆ ಕರಗುತ್ತದೆ ಎಂದು ನಾನೇ ಓಡಿಹೋಗಿ ತಡೆದೆ. "ಹತ್ತಿಯಾಗಿದ್ದರೆ ಸಂಜೆಯೊಳಗೆ ಒಣಗಿಸಿಕೊಡುತ್ತಿದ್ದೆ ಕಣಮ್ಮ, ಇದಕ್ಕೆ ನಾನೇನು ಮಾಡಲಿ?" ಎಂದರು. ಆ ಮಾತು ನನಗೆ ಸರಿಯಾಗಿಯೇ ನಾಟಿತು. ನಮ್ಮ ಊರಿನ ಮಗುವಿನ ಕೌದಿ ಒಗೆಯುವುದಕ್ಕೂ ಒಣಗುವುದಕ್ಕೂ ಒದಗಬೇಕು, ಚೆಂದ ಆಮೇಲೆ.

ಕೌದಿಯ ಹೊಲಿಗೆ ಬಿಚ್ಚಿ, ಒಳಗಿನ ಹಾಳೆ ತೆಗೆದು, ಅದೇ ಮೇಲ್ಪದರಕ್ಕೆ ಅತ್ತೆಯ ಹಳೆಯ ಹತ್ತಿ ಸೀರೆ ಹಾಕಿ ಮತ್ತೆ ಹೊಲಿದೆ. ಐದೂವರೆ ಮೀಟರ್ ಸೀರೆಯಲ್ಲಿ 46 ಇಂಚಿನ ನಾಲ್ಕು ತುಂಡು ಸಿಗುತ್ತದೆ. ಎರಡು ಒಳಗೆ, ಒಂದು ಹಿಂಬದಿಗೆ. ಸೀರೆಯನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು, ಜಾಲರಿಯಂತೆ ಸವೆದ ಭಾಗ ಬೇಡ. ಜರಿ ಅಂಚು ಮಗುವಿನ ಮೈಗೆ ಚುಚ್ಚುತ್ತದೆ, ಅದನ್ನು ಕತ್ತರಿಸಿ ತೆಗೆಯುತ್ತೇನೆ. ಗಂಜಿ ಇದ್ದರೆ ಬಿಸಿನೀರಿನಲ್ಲಿ ಪೂರ್ತಿ ತೊಳೆದು ಕಳೆಯುತ್ತೇನೆ.

ಪಟ್ಟಿಗಳನ್ನು ಮಾತ್ರ ಮೊದಲೇ ಒಗೆಯಬಾರದು. ಅಷ್ಟು ಸಣ್ಣ ಪಟ್ಟಿ ನೀರಿಗೆ ಬಿದ್ದರೆ ಅಂಚಿನ ಎಳೆಗಳೆಲ್ಲ ಬಿಚ್ಚಿಕೊಂಡು ಗಂಟಾಗುತ್ತವೆ. ಬಣ್ಣ ಬಿಡುತ್ತದೆಯೋ ಎಂಬ ಅನುಮಾನವಿದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಕಡುಕೆಂಪು, ಕಡುನೀಲಿ ಪಟ್ಟಿಗಳನ್ನು ಉಜ್ಜಿ ನೋಡುತ್ತೇನೆ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಪಟ್ಟಿ ಮಗುವಿನ ಕೌದಿಗೆ ಬೇಡ.

ಹೊಲಿಗೆಗೆ ಕಾಲು ಇಂಚು ಬಿಡಬೇಕು, ಆಗ ಪ್ರತಿ ಪಟ್ಟಿ ಎರಡು ಇಂಚು ಅಗಲ ಉಳಿಯುತ್ತದೆ. 18 ಪಟ್ಟಿ ಜೋಡಿಸಿದರೆ ಮೂವತ್ತಾರೂವರೆ ಇಂಚು. ಉದ್ದದ ಎರಡು ತುದಿ ಸಮ ಮಾಡಿದಾಗ 42 ಇಂಚು ನಿಲ್ಲುತ್ತದೆ. ರವಿಕೆಯಲ್ಲಿ ಒಂದೆರಡು ಎಳೆ ಆಚೀಚೆ ಆದರೆ ಮೈ ಸರಿಮಾಡಿಕೊಳ್ಳುತ್ತದೆ, ಇಲ್ಲಿ ಹಾಗಲ್ಲ. ಇಂಚಿನ 16ರಲ್ಲಿ ಒಂದು ಪಾಲು ಹೆಚ್ಚು ಹಿಡಿದರೂ 17 ಹೊಲಿಗೆಗಳು ಮುಗಿಯುವಷ್ಟರಲ್ಲಿ ಎರಡು ಇಂಚಿಗಿಂತ ಹೆಚ್ಚು ಅಗಲ ಕಳೆದುಹೋಗಿರುತ್ತದೆ. ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚು ಅಳೆದು ಅಂಟುಪಟ್ಟಿ ಹಚ್ಚಿಕೊಂಡ ಮೇಲೆ ನನ್ನ ಅಳತೆ ಸ್ಥಿರವಾಯಿತು. ಸುರುಳಿಯ ಪಟ್ಟಿಗಳ ಅಂಚು ಗರಗಸದ ಹಲ್ಲಿನಂತಿರುತ್ತದೆ. ಹಲ್ಲಿನ ತುದಿಯಿಂದ ಅಳೆಯಬೇಕೋ ಬುಡದಿಂದಲೋ ಎಂಬುದನ್ನು ಒಂದು ಪಟ್ಟಿಗೆ ಸ್ಕೇಲ್ ಇಟ್ಟು ನೋಡಿ ತೀರ್ಮಾನಿಸಿ, ಕೊನೆಯವರೆಗೂ ಅದನ್ನೇ ಹಿಡಿಯಬೇಕು.

ಎಲ್ಲ ಪಟ್ಟಿಗಳನ್ನೂ ಒಂದೇ ತುದಿಯಿಂದ ಹೊಲಿಯುತ್ತಾ ಹೋದರೆ ಮೇಲ್ಪದರ ಬಿಲ್ಲಿನಂತೆ ಬಾಗುತ್ತದೆ. ಯಂತ್ರದ ಹಲ್ಲು ಕೆಳಗಿನ ಬಟ್ಟೆಯನ್ನು ಮೇಲಿನದಕ್ಕಿಂತ ತುಸು ಹೆಚ್ಚು ಎಳೆಯುವುದೇ ಕಾರಣ. ಒಂದು ಹೊಲಿಗೆ ಮೇಲಿನಿಂದ, ಮುಂದಿನದು ಕೆಳಗಿನಿಂದ ಶುರುಮಾಡಿದರೆ ನೇರವಾಗಿ ನಿಲ್ಲುತ್ತದೆ. ಇಸ್ತ್ರಿಯನ್ನೂ ಉಜ್ಜಬಾರದು, ಎತ್ತಿ ಎತ್ತಿ ಒತ್ತಬೇಕು. ಹೊಲಿಗೆಯ ಮಡಿಕೆ ಕಡುಬಣ್ಣದ ಕಡೆಗೆ ಮಲಗಿದರೆ ತಿಳಿಬಣ್ಣದ ಅಡಿಯಿಂದ ಇಣುಕುವುದಿಲ್ಲ.

ಪದರಗಳನ್ನು ನೆಲದ ಮೇಲೆ ಹಾಸಿ, ನಡುವಿನಿಂದ ಹೊರಗೆ ಸುಕ್ಕು ತೀಡಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕುತ್ತೇನೆ. ಪಿನ್ನು ಮುಟ್ಟುವುದೇ ಇಲ್ಲ, ಒಂದು ಒಳಗೆ ಉಳಿದರೂ ಗತಿ ಏನು? ಆಮೇಲಿನದು ಕೈಹೊಲಿಗೆ, ಪ್ರತಿ ಜೋಡಣೆಯ ಪಕ್ಕದಲ್ಲಿ ಒಂದೊಂದು ಸಾಲು. ಇಲ್ಲಿ ನಾನು ಬಹಳ ಕಟ್ಟುನಿಟ್ಟು. ಹೊಲಿಗೆ ಚಿಕ್ಕದಾಗಿರಬೇಕು, ಗಂಟು ಪದರದ ಒಳಗೆ ಅಡಗಿರಬೇಕು. ಉದ್ದನೆಯ ಸಡಿಲ ದಾರ ಎಳೆಯ ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಸಂಚಾರವೇ ನಿಂತುಹೋಗಬಹುದು. ಮಣಿ, ಗುಂಡಿ, ಕನ್ನಡಿ ಯಾವುದೂ ಬೇಡ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ತಮ್ಮ ಕೌದಿಯ ನಾಲ್ಕು ಮೂಲೆಗೂ ಬಟ್ಟೆಯನ್ನೇ ತ್ರಿಕೋನವಾಗಿ ಮಡಿಸಿ ಹೂವು ಇಡುತ್ತಾರೆ. ಅಲಂಕಾರ ಬೇಕೆಂದರೆ ಅದೇ ಸಾಕು, ಅದು ಉದುರುವುದಿಲ್ಲ.

ಅಂಚಿಗೆ ಐದು ಪಟ್ಟಿ ಬೇಕು. ನಾಲ್ಕರಲ್ಲಿ ಮುಗಿಸಲು ಹೋಗಿ ಮೂಲೆ ತಿರುಗಿಸುವಷ್ಟರಲ್ಲಿ ಒಂದು ಗೇಣು ಕಡಿಮೆ ಬಿತ್ತು.

ಒಗೆದ ಮೇಲೆ ಹೊಸ ಪಟ್ಟಿಗಳು ತುಸು ಕುಗ್ಗುತ್ತವೆ, ಸೀರೆ ಕುಗ್ಗಿ ಎಷ್ಟೋ ವರ್ಷವಾಗಿರುತ್ತದೆ. ಹಾಗಾಗಿ ಹಿಂಬದಿ ಸಣ್ಣದಾಗಿ ಸುಕ್ಕುಗಟ್ಟಿ ಇನ್ನಷ್ಟು ಮೆತ್ತಗಾಗುತ್ತದೆ. ಬೆಳಿಗ್ಗೆ ಒಗೆದು ಹಿಂಡಿ ಬಚ್ಚಲ ಒಲೆಯ ಗಳುವಿಗೆ ಹಾಕಿದ ಕೌದಿ ಸಂಜೆಗೆ ಒಣಗಿತ್ತು. ಅತ್ತೆ ಅದನ್ನು ಕೆನ್ನೆಗೆ ಒತ್ತಿ ನೋಡಿ, ಏನೂ ಹೇಳದೆ ಮಡಿಸಿಟ್ಟರು.

ಅದನ್ನು ನಾವು ಎಚ್ಚರವಿದ್ದ ಮಗುವನ್ನು ನೆಲದ ಮೇಲೆ ಆಡಿಸಲು, ತೊಡೆಯ ಮೇಲೆ ಹಾಸಿಕೊಳ್ಳಲು ಬಳಸಿದೆವು. ವರ್ಷ ತುಂಬುವವರೆಗೆ ಮಲಗಿದ ಮಗುವಿನ ಬಳಿ ಸಡಿಲ ಹೊದಿಕೆ ಬಿಡಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಯಾರಿಗೆ ಕೌದಿ ಹೊಲಿದುಕೊಟ್ಟರೂ ಈ ಮಾತನ್ನು ಜೊತೆಗೆ ಹೇಳಿಯೇ ಕೊಡುತ್ತೇನೆ.

ಸುರುಳಿಯಲ್ಲಿ ಉಳಿದದ್ದು 17 ಪಟ್ಟಿ. 15ರಲ್ಲಿ ಪಕ್ಕದ ಮನೆಯ ಮಗುವಿಗೆ ಸ್ವಲ್ಪ ಕಿರಿದಾದ ಇನ್ನೊಂದು ಕೌದಿಯಾಯಿತು, ಅದಕ್ಕೆ ಸೀರೆಯ ಬಟ್ಟೆಯಲ್ಲೇ ಅಂಚು ಕಟ್ಟಿದೆ. ಎರಡನ್ನು ಮಡಿಸಿ ಇಟ್ಟಿದ್ದೆ. ಮೊಮ್ಮಗಳಿಗೆ ಹಲ್ಲು ಬಂದ ಮೇಲೆ ಅವಳು ಕಡಿಯುವುದು ಯಾವಾಗಲೂ ಒಂದೇ ಮೂಲೆ. ಅಲ್ಲಿ ಅಂಚು ಹರಿದು ಸೀರೆ ಕಾಣುತ್ತಿತ್ತು. ಇಟ್ಟಿದ್ದ ಪಟ್ಟಿಯಲ್ಲಿ ಒಂದನ್ನು ಹೋದ ವಾರ ಆ ಮೂಲೆಗೆ ಹೊಲಿದೆ.