ಹದಿನೆಂಟು ತುಂಬಿ ಬಾಲಮಂದಿರ ಬಿಡುವವರಿಗೆ ಜತೆಯಾಗುವುದು ಹೇಗೆ?

ಮೈಸೂರಿನಲ್ಲಿ ಬಾಲಮಂದಿರ ಬಿಟ್ಟು ಬಂದ ಹುಡುಗಿಯೊಬ್ಬಳ ಬಾಡಿಗೆ ಕೋಣೆಗೆ ಮೊದಲ ವಾರ ಹೋಗಿದ್ದೆ. ದೊಡ್ಡ ಹಂಡೆಯಲ್ಲಿ ಅನ್ನ ಬೇಯುವುದನ್ನೇ ನೋಡಿ ಬೆಳೆದವಳು. ‘ಆಂಟಿ, ಒಬ್ಬಳಿಗೆ ಎಷ್ಟು ಅಕ್ಕಿ ಹಾಕ್ಬೇಕು?’ ಎಂದು ಪಾವು ಹಿಡಿದು ನಿಂತಿದ್ದಳು. ಇಂಥ ಮಕ್ಕಳ ಕೈ ಹಿಡಿಯಬೇಕೆಂಬ ಮನಸ್ಸಿದ್ದರೆ ಹದಿನೆಂಟು ತುಂಬುವವರೆಗೆ ಕಾಯಬೇಡಿ.

ಹದಿನೇಳು ದಾಟಿದ ಕೂಡಲೇ ಬಾಲಮಂದಿರದ ಅಧೀಕ್ಷಕರನ್ನು ಕಂಡು, ಅನುಪಾಲನೆಗೆ, ಅಂದರೆ ಹೊರಬಂದ ನಂತರದ ನೆರವಿಗೆ (ಆಫ್ಟರ್ ಕೇರ್), ಶಿಫಾರಸು ಆಗಿದೆಯೇ ಎಂದು ಕೇಳಿ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಹೊರಹೋಗುವ ಮಕ್ಕಳಿಗೆ ಆರ್ಥಿಕ ನೆರವಿಗೆ ಅವಕಾಶ ಕೊಟ್ಟಿದೆ. ಆ ಕಾಯ್ದೆಯಡಿಯ 2016ರ ಮಾದರಿ ನಿಯಮಗಳ ಪ್ರಕಾರ ಹೊರಡುವ ಎರಡು ತಿಂಗಳು ಮೊದಲೇ ಮುಂದಿನ ಯೋಜನೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇರಬೇಕು. ನೆರವು 21 ವರ್ಷದವರೆಗೆ. ವಿಶೇಷ ಸಂದರ್ಭದಲ್ಲಿ 23ರವರೆಗೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಎಂದಿದೆ. ಇದನ್ನು ನೋಡಿಕೊಳ್ಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಅಲ್ಲಿಗೆ ಅರ್ಜಿ ಕೊಡಲು ಹೋಗುವಾಗ ಒಂದು ಪ್ರತಿ ಇಟ್ಟುಕೊಂಡು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಆ ಹಣ ನೇರ ಬ್ಯಾಂಕ್ ಖಾತೆಗೇ ಬರಬೇಕು. ಹಾಗಾಗಿ ಎರಡನೆಯ ಕೆಲಸ ಕಾಗದಪತ್ರ. ನನ್ನ ಅನುಭವದಲ್ಲಿ ಹೆಚ್ಚು ಮಂದಿ ಮುಗ್ಗರಿಸುವುದು ಇಲ್ಲೇ. ಚಿಕ್ಕಂದಿನ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸಬೇಕು, ಹೊಸ ಸಹಿ ಕೊಡಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಯಾರದು, ಕೇಳಿ ನೋಡಿ. ಅದು ಸಂಸ್ಥೆಯ ಸಿಬ್ಬಂದಿಯದಾಗಿದ್ದರೆ ಪ್ರತಿ ಓಟಿಪಿಗೂ ಅವರಿಗೆ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ. ಮಕ್ಕಳದೇ ಹೆಸರಲ್ಲಿ ಸಿಮ್ ಕೊಡಿಸಿ, ನಂಬರ್ ಬದಲಿಸಿ. ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ, ಸಮಿತಿಯ ಆದೇಶದ ಪ್ರತಿ, ಎಲ್ಲದರ ಮೂರು ಸೆಟ್ ಜೆರಾಕ್ಸ್ ಮಾಡಿಸಿ. ಒಂದು ಸೆಟ್ ನಿಮ್ಮಲ್ಲಿರಲಿ.

ಮನೆ ಹುಡುಕುವಾಗ ಜತೆಗೆ ಹೋಗಿ. ‘ಯಾವೂರು? ಅಪ್ಪ ಏನ್ ಮಾಡ್ತಾರೆ?’ ಎಂದು ಮನೆ ಮಾಲೀಕರು ಕೇಳಿದಾಗ ಈ ಮಕ್ಕಳು ತಲೆತಗ್ಗಿಸಿ ನಿಲ್ಲುವುದನ್ನು ಕಂಡು ನನಗೆ ಸಂಕಟವಾಗಿದೆ. ‘ನಮ್ಮ ಹುಡುಗ, ನಾನಿದ್ದೀನಿ’ ಎಂದರೆ ಎಷ್ಟೋ ಬಾಗಿಲು ತೆರೆಯುತ್ತವೆ. ಅವರ ಕಥೆಯನ್ನು ಮಾತ್ರ ಅವರ ಅನುಮತಿ ಇಲ್ಲದೆ ಯಾರಿಗೂ ಹೇಳಬೇಡಿ. ಆರರಿಂದ ಎಂಟು ಜನ ಒಟ್ಟಿಗಿರುವ ತಾತ್ಕಾಲಿಕ ವಸತಿಗೂ ನಿಯಮದಲ್ಲಿ ಅವಕಾಶವಿದೆ, ವಿಚಾರಿಸಿ.

ಓದು, ಕೆಲಸದ ವಿಷಯದಲ್ಲಿ ಅವರ ಒಲವೇ ಮುಖ್ಯ. ಐಟಿಐ, ಮೈಸೂರಿನ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ), ಪದವಿ ಕಾಲೇಜು, ಎಲ್ಲವನ್ನೂ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಸಿಕ್ಕಿದ ಮೊದಲ ಕೆಲಸಕ್ಕೇ ದೂಡಬೇಡಿ.

ಕೊನೆಯದಾಗಿ, ದಸರಾ ರಜೆ. ಹಾಸ್ಟೆಲಿನವರೆಲ್ಲ ಬ್ಯಾಗ್ ಹಿಡಿದು ಊರಿಗೆ ಹೊರಟಾಗ ಇವರಿಗೆ ಹೋಗಲು ಊರಿಲ್ಲ. ಹಬ್ಬದ ದಿನ ಬೆಳಿಗ್ಗೆ ಫೋನ್ ಮಾಡಿ ಕರೆದರೆ ಸಂಕೋಚಪಟ್ಟು ‘ಊಟ ಆಯ್ತು’ ಎನ್ನುತ್ತಾರೆ. ಹದಿನೈದು ದಿನ ಮುಂಚೆಯೇ ಹೇಳಿ: ‘ಆಯುಧಪೂಜೆಗೆ ಹಿಂದಿನ ರಾತ್ರಿಯೇ ಬಂದ್ಬಿಡು, ಗಾಡಿ ತೊಳೆಯೋಕೆ ನೀನು ಬೇಕು.’