ಧಾರವಾಡದ ಬೆಳಗನ್ನು ತೋರಿಸುವ ಕಸುಬು

ಧಾರವಾಡಕ್ಕೆ ಬಂದವರಿಗೆ ಊರು ತೋರಿಸುವ ಕೆಲಸದಿಂದ ಮನೆಯ ಖರ್ಚಿಗೆ ಸಾಲುವಷ್ಟು ದುಡ್ಡು ಹುಟ್ಟುತ್ತದೆ ಎಂದು ಕೆಲವು ವರ್ಷಗಳ ಹಿಂದೆ ಹೇಳಿದ್ದರೆ ನನ್ನ ಪರಿಚಯದವರಲ್ಲಿ ಯಾರೂ ನಂಬುತ್ತಿರಲಿಲ್ಲ. ಹಂಪಿ, ಬಾದಾಮಿ, ಪಟ್ಟದಕಲ್ಲುಗಳನ್ನು ನೋಡಲು ಹೊರಟವರು ನಮ್ಮಲ್ಲಿ ಪೇಡೆ ಕಟ್ಟಿಸಿಕೊಂಡು ಮುಂದೆ ಸಾಗುತ್ತಾರೆಂಬುದು ಎಲ್ಲರ ಲೆಕ್ಕಾಚಾರವಾಗಿತ್ತು. ಹುಬ್ಬಳ್ಳಿಯಲ್ಲಿ ಟ್ರಾವೆಲ್ಸ್ ನಡೆಸುವ ಗೆಳೆಯರೊಬ್ಬರು, “ಧಾರವಾಡದಾಗ ತೋರಸಾಕ ಏನೈತ್ರಿ? ಅರ್ಧ ತಾಸಿನಾಗ ಮುಗದ ಹೋಗತೈತಿ,” ಎಂದು ನನ್ನ ಮುಂದೆಯೇ ಹೇಳಿದ್ದರು. ಈಗ ಅವರೇ ತಮ್ಮ ಗಿರಾಕಿಗಳನ್ನು ಚಿಗರಿ ಬಸ್ಸು ಹತ್ತಿಸಿ, ಜ್ಯುಬಿಲಿ ಸರ್ಕಲ್ಲಿನಲ್ಲಿ ಇಳಿದು ನನಗೆ ಫೋನ್ ಮಾಡುವಂತೆ ಹೇಳಿ ಕಳುಹಿಸುತ್ತಾರೆ. ತಮ್ಮ ತಮ್ಮ ಊರುಗಳಲ್ಲಿ ಇದೇ ಕೆಲಸ ಮಾಡುತ್ತಿರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಗುಂಪನ್ನು ಹೇಗೆ ಸಾಗಿಸಬೇಕು, ರಸ್ತೆ ದಾಟಿಸುವಾಗ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವುದರಿಂದ ಆ ವಿಷಯಕ್ಕೆ ಹೋಗುವುದಿಲ್ಲ.

ಮೊದಲ ಹಂಗಾಮಿನಲ್ಲಿ ನಾನೂ ಎಲ್ಲರಂತೆ ವಾಹನ ಮಾಡಿಕೊಂಡೇ ತೋರಿಸುತ್ತಿದ್ದೆ. ಟೆಂಪೋ ಟ್ರಾವೆಲರ್ ಬಾಡಿಗೆ ದಿನಕ್ಕೆ ನಾಲ್ಕೂವರೆ ಸಾವಿರದ ಆಸುಪಾಸಿನಲ್ಲಿತ್ತು, ನಾನು ತಲೆಗೆ 400 ರೂಪಾಯಿ ತೆಗೆದುಕೊಳ್ಳುತ್ತಿದ್ದೆ, ಹನ್ನೆರಡು ಸೀಟುಗಳಲ್ಲಿ ಏಳೆಂಟು ತುಂಬಿದರೆ ಅದೇ ಹೆಚ್ಚು ಎನ್ನುವ ಸ್ಥಿತಿಯಿತ್ತು. ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯದ ಗುಡ್ಡ, ಶಾಲ್ಮಲೆ ಹುಟ್ಟುವ ಸೋಮೇಶ್ವರ, ಕೆಲಗೇರಿ ಕೆರೆ, ಸಾಧನಕೇರಿ ಎಂದು ಸುತ್ತಿಸುತ್ತಿದ್ದೆ. ಕಾಲೇಜು 1917ರಲ್ಲಿ ಆರಂಭವಾಯಿತು, ಅದರ ಕಟ್ಟಡ ಅದಕ್ಕೂ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು, ವಿಶ್ವವಿದ್ಯಾಲಯ ಮುಂಬಯಿಯಲ್ಲಿ ಹುಟ್ಟಿ 1950ರಲ್ಲಿ ಇಲ್ಲಿಗೆ ಬಂದಿತು ಎಂದು ನಾನು ವಿವರಿಸುವುದು, ಅವರು ಫೋಟೋ ತೆಗೆದುಕೊಂಡು ಮತ್ತೆ ಗಾಡಿ ಹತ್ತುವುದು, ಹೀಗೆ ಮಧ್ಯಾಹ್ನವಾಗುತ್ತಿತ್ತು. ಹೇಳಿದ್ದೆಲ್ಲ ನಿಜವೇ, ಆದರೆ ಯಾರೂ ತಮ್ಮ ನೆಂಟರಿಷ್ಟರಿಗೆ ಹೇಳಿ ಕಳುಹಿಸಲಿಲ್ಲ. ಆ ಹಂಗಾಮು ಮುಗಿಯುವ ಹೊತ್ತಿಗೆ ನಲವತ್ತು ಸಾವಿರದಷ್ಟು ಕೈಯಿಂದ ಹೋಗಿತ್ತು, ಅದರಲ್ಲಿ ಹೆಚ್ಚಿನದು ಮನೆಯಾಕೆ ಎರಡು ವರ್ಷ ಕಟ್ಟಿದ ಭಿಶಿಯ, ಅಂದರೆ ಚೀಟಿಯ, ಹಣ. ಒಂದು ಬುಕಿಂಗ್ ಜಾಲತಾಣಕ್ಕೂ ಹೆಸರು ಕೊಟ್ಟು ನೋಡಿದೆ; ಅವರು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮುರಿದುಕೊಂಡು, ಉಳಿದದ್ದನ್ನು ತಿಂಗಳು ಕಳೆದ ಮೇಲೆ ಹಾಕುತ್ತಿದ್ದರು.

ಆ ದಿನಗಳಲ್ಲಿ ಬಂದವರ ಪ್ರಶ್ನೆಗಳನ್ನು ನಾನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಅದೇ ಮುಂದೆ ಬಂಡವಾಳವಾಯಿತು. ಕಟ್ಟಡಗಳ ಬಗ್ಗೆ ಅಲ್ಲಿ ಪ್ರಶ್ನೆಗಳೇ ಇರಲಿಲ್ಲ. ಪೇಟೆಯಲ್ಲಿ ಅಜ್ಜಿ ಸಿವುಡು ಕಟ್ಟುತ್ತಿದ್ದ ಸೊಪ್ಪು ಯಾವುದು, ಅದನ್ನು ಹಸಿಯಾಗಿಯೇ ತಿನ್ನುತ್ತಾರೆಯೇ, ಖಾನಾವಳಿಯ ಒಳಗಿನಿಂದ ಪಟಪಟನೆ ಬರುತ್ತಿದ್ದ ಸದ್ದು ಏನು, ಪೇಡೆ ಹೀಗೆ ಕಂದಾಗುವುದು ಹೇಗೆ: ಎಲ್ಲ ಪ್ರಶ್ನೆಗಳೂ ಗಾಡಿಯ ಕಿಟಕಿಯಿಂದ ಕಂಡದ್ದರ ಬಗೆಗೇ ಇದ್ದವು. ಆದ್ದರಿಂದ ಮುಂದಿನ ಮಳೆಗಾಲದಲ್ಲಿ ಗಾಡಿಯನ್ನು ಬಿಟ್ಟು, ಊರಿನಲ್ಲಿ ಯಾವ ಕೆಲಸ ಯಾವ ಹೊತ್ತಿಗೆ ನಡೆಯುತ್ತದೆಂಬುದನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗಿ ಬರೆದುಕೊಂಡೆ. ಹಾಲಿನವರು ಬರುವ ಹೊತ್ತು, ಕಾಯಿಪಲ್ಲೆಯ ಚೀಲಗಳನ್ನು ಬಿಚ್ಚುವ ಹೊತ್ತು, ಪೇಡೆಗೆ ಸಾಲು ನಿಲ್ಲುವ ಹೊತ್ತು, ಖಾನಾವಳಿಯ ಒಲೆ ಹೊತ್ತುವ ಹೊತ್ತು, ಚುರುಮುರಿಯ ಗಿರ್ಮಿಟ್ ಮಾರುವ ಗಾಡಿಗಳು ಬಂದು ನಿಲ್ಲುವ ಹೊತ್ತು. ನನ್ನ ಪದ್ಧತಿ ಇಷ್ಟೇ: ಸ್ಥಳಗಳ ಪಟ್ಟಿಯನ್ನು ಹರಿದು ಹಾಕಿ, ಕೆಲಸ ನಡೆಯುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೋಗಿ, ಅದು ಮುಗಿಯುವವರೆಗೆ ನಿಲ್ಲುವುದು. ಆರು ಜನರಿಗಿಂತ ಹೆಚ್ಚು ಕರೆದೊಯ್ಯುವುದಿಲ್ಲ, ಏಕೆಂದರೆ ಏಳನೆಯವರು ಬಂದರೆ ಕೆಲಸ ಮಾಡುವವರ ಕೈ ನಿಲ್ಲುತ್ತದೆ. ಇದು ಯಾಕೆ ಏಳಕ್ಕೇ ಆಗುತ್ತದೆಂದು ನಾನು ವಿವರಿಸಲಾರೆ, ಆದರೆ ಪ್ರತಿ ಸಲವೂ ಕಂಡಿದ್ದೇನೆ.

ಲೈನ್ ಬಜಾರಿನ ಪೇಡೆಯ ಕಥೆ ಎಲ್ಲರಿಗೂ ಗೊತ್ತು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ, ಇಲ್ಲಿಯ ಎಮ್ಮೆಯ ಹಾಲು, ಭೌಗೋಳಿಕ ಗುರುತಿನ ಮಾನ್ಯತೆ, ಇವನ್ನು ನಾನು ನಡೆಯುತ್ತಲೇ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಅಂಗಡಿಯ ಮುಂದೆ ಸಾಲಿನಲ್ಲಿ ಬಂದವರನ್ನೇ ನಿಲ್ಲಿಸುತ್ತೇನೆ. ಸಾಲಿನಲ್ಲಿ ನಿಂತ ಬೆಂಗಳೂರಿನವರಿಗೆ ಹಿಂದಿನಿಂದ ಯಾರಾದರೂ “ಎಷ್ಟ ತಗೋತೀರಿ? ಬಿಸಿ ಇದ್ದಾಗ ಡಬ್ಬಿ ಮುಚ್ಚಬ್ಯಾಡ್ರಿ, ಬೆವರತಾವ,” ಎಂದು ಹೇಳಿಯೇ ಹೇಳುತ್ತಾರೆ, ನಾನು ಹೇಳಬೇಕಾದ ಅರ್ಧದಷ್ಟನ್ನು ಸಾಲೇ ಹೇಳಿ ಮುಗಿಸುತ್ತದೆ. ಖೋವಾ ಹುರಿಯುವುದನ್ನು ತೋರಿಸುವುದು ಬೇರೆ ಕಡೆ, ಪರಿಚಯದ ಒಂದು ಸಣ್ಣ ಮನೆಯಲ್ಲಿ. ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಸಕ್ಕರೆ ಬೆರೆತ ಖೋವಾ ಬಿಳಿಯಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗುವವರೆಗೆ ಕೈ ಬಿಡದೆ ಕೆದಕುತ್ತಲೇ ಇರಬೇಕು. ಒಂದು ಹಂತದಲ್ಲಿ ಜಿಡ್ಡು ಅಂಚಿಗೆ ಬಂದು ನಿಲ್ಲುತ್ತದೆ, ಆಗ ಇನ್ನೊಂದೆರಡು ನಿಮಿಷ ಬಿಟ್ಟರೆ ಕಹಿ, ಮೊದಲೇ ಇಳಿಸಿದರೆ ಬರೀ ಹಾಲಿನ ರುಚಿ. ಆ ಹಂತದಲ್ಲಿ ಬಂದವರ ಕೈಗೂ ಒಂದಿಷ್ಟು ಹೊತ್ತು ಸಟ್ಟುಗ ಕೊಡಿಸುತ್ತೇನೆ. ತೋಳು ನೋಯುವವರೆಗೆ ಕೆದಕಿದವರು ಪೇಡೆಯ ಬೆಲೆಯ ಬಗ್ಗೆ ಮತ್ತೆ ಚೌಕಾಸಿ ಮಾಡಿದ್ದನ್ನು ನಾನು ನೋಡಿಲ್ಲ.

ಖಾನಾವಳಿ ನನ್ನ ನಡಿಗೆಯ ನಡುಗಂಬ. ಊಟದ ಹೊತ್ತಿಗೆ ಹೋದರೆ ಅದು ಬರೀ ಊಟ. ಹನ್ನೊಂದಕ್ಕೆ ಮೊದಲೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂತರೆ ಅದೇ ಧಾರವಾಡ. ಎಸರಿನ ನೀರು ಹಾಕಿ ಮಿದ್ದ ಜೋಳದ ಹಿಟ್ಟಿನ ಉಂಡೆಯನ್ನು ರೊಟ್ಟಿ ಮಾಡುವಾಕೆ ಎರಡೂ ಅಂಗೈಗಳಿಂದ ತಿರುಗಿಸುತ್ತ ಬಡಿಯುವುದು, ಅಂಚು ಒಡೆಯದಂತೆ ಅದು ತಟ್ಟೆಯಗಲಕ್ಕೆ ಹರಡುವುದು, ಹಂಚಿನ ಮೇಲೆ ಬಿದ್ದ ತಕ್ಷಣ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುವುದು, ತಿರುವಿ ಹಾಕಿ ಉಬ್ಬಿದಾಗ ಇಳಿಸುವುದು, ಅಷ್ಟರಲ್ಲಿ ಮುಂದಿನ ಉಂಡೆ ಅಂಗೈಗೆ ಬಂದಿರುವುದು. ಬಂದವರಲ್ಲಿ ಇಬ್ಬರು ಮೂವರು ಕೈ ಹಚ್ಚಿ ನೋಡುತ್ತಾರೆ, ಹರಿದ ರೊಟ್ಟಿಯನ್ನೂ ಆಕೆ ಬೇಯಿಸಿಯೇ ಕೊಡುತ್ತಾರೆ. ಆಮೇಲೆ ಊಟ: ಎಣಗಾಯಿ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಮೊಸರು, ಹಸಿ ಉಳ್ಳಾಗಡ್ಡಿ, ಮತ್ತು ಬೆಳಿಗ್ಗೆ ಪೇಟೆಯಲ್ಲಿ ಅಜ್ಜಿಯ ಹತ್ತಿರ ಅವರೇ ಕೊಂಡುಕೊಂಡ ಹಕ್ಕರಕಿ ಸೊಪ್ಪು. ಈ ಸೊಪ್ಪನ್ನು ಅವರ ಕೈಯಿಂದಲೇ ಕೊಳ್ಳಿಸಿ ಖಾನಾವಳಿಯವರೆಗೆ ಹೊರಿಸುವುದು ಹತ್ತಿಪ್ಪತ್ತು ರೂಪಾಯಿಯ ಕೆಲಸ. ನನ್ನ ಇಡೀ ನಡಿಗೆಯಲ್ಲಿ ಅದಕ್ಕಿಂತ ಅಗ್ಗದ, ಅದಕ್ಕಿಂತ ಫಲ ಕೊಟ್ಟ ಉಪಾಯ ಬೇರೊಂದಿಲ್ಲ. ಊಟದ ಬೆಲೆ ಹೊರಗಿನವರಿಗೆ ಎಷ್ಟಿದೆಯೋ ಅಷ್ಟೇ ಕೊಡುತ್ತೇನೆ, ಅಡುಗೆಮನೆಯ ಬಾಗಿಲಲ್ಲಿ ಕೂತದ್ದಕ್ಕೆ ರೊಟ್ಟಿ ಬಡಿಯುವವರ ಕೈಗೆ ಬೇರೆಯಾಗಿ, ಮಾಲೀಕರ ಮುಂದೆಯೇ, ತಲೆಗೆ 50 ರೂಪಾಯಿ ಕೊಡುತ್ತೇನೆ. ಮಾಲೀಕರಿಗೆ ಗೊತ್ತಿಲ್ಲದಂತೆ ಕೊಟ್ಟರೆ ಎರಡೇ ತಿಂಗಳಲ್ಲಿ ಆ ಬಾಗಿಲು ಮುಚ್ಚುತ್ತದೆ. ಮತ್ತೊಂದು ಊರಿನಲ್ಲಿ ಈ ಕೆಲಸ ಮಾಡುವವರೊಬ್ಬರಿಗೆ ಹಾಗೆಯೇ ಆಯಿತು.

ಸಾಹಿತ್ಯದ ಸ್ಥಳಗಳನ್ನು ಬಿಟ್ಟುಬಿಟ್ಟೆನೆಂದು ಊರಿನ ಹಿರಿಯರು ಬೇಸರ ಮಾಡಿಕೊಂಡರು. ಬಿಟ್ಟಿಲ್ಲ, ಹೊತ್ತು ನೋಡಿ ಹೋಗುತ್ತೇನೆ. 1890ರಲ್ಲಿ ರಾ. ಹ. ದೇಶಪಾಂಡೆಯವರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಕಾರ್ಯಕ್ರಮವಿರುವ ದಿನ ಕರೆದೊಯ್ದು ಹಿಂದಿನ ಕುರ್ಚಿಗಳಲ್ಲಿ ಕೂರಿಸುತ್ತೇನೆ. ಭಾಷಣಕ್ಕಿಂತ, ಮುಗಿದ ಮೇಲೆ ಚಹಾದ ಜೊತೆ ನಡೆಯುವ ಚರ್ಚೆಯಲ್ಲಿ ಊರು ತಿಳಿಯುತ್ತದೆ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆ. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಈ ಪ್ರಕಾಶನಕ್ಕೆ ಬೇಂದ್ರೆ, ಕಾರ್ನಾಡರಂಥವರು ಬಂದು ಕೂರುತ್ತಿದ್ದರೆಂಬುದು ಓದುಗರಿಗೆ ಗೊತ್ತು, ಆದರೆ ಪುಸ್ತಕಗಳ ನಡುವೆ ನಿಂತಾಗಲೇ ಇಷ್ಟು ಸಣ್ಣ ಜಾಗದಿಂದ ಅಷ್ಟು ಕೆಲಸ ಆಗಿದೆಯೇ ಎಂದು ಬೆರಗಾಗುತ್ತಾರೆ. ಮೊದಲೇ ಅನುಮತಿ ಕೇಳಿ, ಮೂರು ಮೂರು ಜನರಂತೆ ಹತ್ತಿಸುತ್ತೇನೆ, ಪ್ರತಿ ಗುಂಪಿನಲ್ಲೂ ಯಾರಾದರೂ ಪುಸ್ತಕ ಕೊಂಡೇ ಕೊಳ್ಳುತ್ತಾರೆ. ಸಾಧನಕೇರಿಗೆ ಆಟೋದಲ್ಲಿ ಸಂಜೆಯೇ ಹೋಗುವುದು, ಬೆಳಿಗ್ಗೆ ಹೋದರೆ ಬೇಂದ್ರೆಯವರ ಮನೆ ನೋಡಿದ ಲೆಕ್ಕ ಮಾತ್ರ ಆಗುತ್ತದೆ. ಸಂಜೆ ಕೆರೆಯ ಸುತ್ತ ನಡೆಯಲು ಬಂದವರ ಮಾತು ಕೇಳುತ್ತ ಹೋದರೆ ಬೇಂದ್ರೆಯವರ ಕನ್ನಡ ಎಲ್ಲಿಂದ ಬಂದಿತೆಂದು ನಾನು ಹೇಳಬೇಕಾಗುವುದಿಲ್ಲ.

ಕಸೂತಿಯ ಮನೆಯನ್ನು ಮಾತ್ರ ಎಲ್ಲಿದೆಯೆಂದು ಬರೆಯುವುದಿಲ್ಲ. ನಾಲ್ವರು ಹೆಣ್ಣುಮಕ್ಕಳು ಮಧ್ಯಾಹ್ನ ಒಂದು ಪಡಸಾಲೆಯಲ್ಲಿ ಕೂತು ಇಳಕಲ್ ಸೀರೆಗಳಿಗೆ ಕಸೂತಿ ಹಾಕುತ್ತಾರೆ. ಬಟ್ಟೆಯ ಮೇಲೆ ಗೆರೆಯಿಲ್ಲ, ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಬೇಕು, ಗಂಟು ಹಾಕುವಂತಿಲ್ಲ, ಗವಂತಿ ಎಂಬ ಹೊಲಿಗೆ ಹಾಕಿದ್ದರೆ ಸೀರೆಯನ್ನು ತಿರುವಿ ನೋಡಿದರೂ ಒಳಮೈ ಹೊರಮೈ ಒಂದೇ. ಅಲ್ಲಿ ನಾನು ಬಾಯಿ ಬಿಡುವುದಿಲ್ಲ. ಬಂದವರು ಮತ್ತು ಅವರು ಕಾಲು ತಾಸಿನ ಒಳಗೆ ತಾವಾಗಿಯೇ ಮಾತಿಗೆ ತೊಡಗುವಂತೆ ಮಾಡಲು ನಾನು ಒಂದು ಕ್ರಮ ಮಾಡಿಕೊಂಡಿದ್ದೇನೆ, ಕನ್ನಡ ಬಾರದವರಿದ್ದರೂ ಅದು ಕೆಲಸ ಮಾಡುತ್ತದೆ. ಅದನ್ನು ಕಲಿಯಲು ನನಗೆ ಬಹಳ ದಿನ ಹಿಡಿದಿದೆ, ಆದ್ದರಿಂದ ಸದ್ಯಕ್ಕೆ ನನ್ನ ಬಳಿಯೇ ಇರಲಿ. ಆ ಪಡಸಾಲೆಗೆ ಪ್ರತಿ ಭೇಟಿಗೆ 600 ರೂಪಾಯಿ, ಮಾರಾಟವಾದದ್ದರಲ್ಲಿ ನನಗೆ ಒಂದು ಪೈಸೆಯೂ ಇಲ್ಲ.

ಈಗ ದುಡ್ಡಿನ ಮಾತು. ನಡಿಗೆಗೆ ಇಳಿದಾಗ ತಲೆಗೆ 250 ರೂಪಾಯಿ ಇಟ್ಟೆ, ಜನ ಬಂದರು, ಆದರೆ ಅರ್ಧ ಜನ ಕೊನೆಯ ಗಳಿಗೆಯಲ್ಲಿ ಬರುತ್ತಿರಲಿಲ್ಲ. 500ಕ್ಕೆ ಏರಿಸಿದಾಗಲೂ ಅದೇ. ಊಟ, ಕಸೂತಿ, ಆಟೋ ಎಲ್ಲ ಸೇರಿಸಿ 1,200 ಮಾಡಿ, ಅರ್ಧ ಮುಂಗಡ ಎಂದ ಮೇಲೆ ತಪ್ಪಿಸಿಕೊಳ್ಳುವವರು ಹೆಚ್ಚು ಕಡಿಮೆ ನಿಂತೇಹೋದರು. ಈ ದರ ಕೇಳಿ ನನ್ನ ತಮ್ಮನೇ “ಅಣ್ಣಾ, ರೊಟ್ಟಿ ಬಡಿಯೋದು ನೋಡಾಕ ಸಾವಿರದಾ ಇನ್ನೂರು ಯಾರ ಕೊಡತಾರ?” ಎಂದಿದ್ದ. ಆರು ಜನರ ಒಂದು ದಿನದಲ್ಲಿ ಏಳು ಸಾವಿರ ಬಂದರೆ, ಊಟ, ಆಟೋ, ಮನೆಗಳವರಿಗೆ ಕೊಡುವುದು ಎಲ್ಲ ಕಳೆದು ಮೂರೂವರೆಯಿಂದ ನಾಲ್ಕು ಸಾವಿರ ಉಳಿಯುತ್ತದೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ವಾರಕ್ಕೆ ಎರಡು, ಕೆಲವೊಮ್ಮೆ ಮೂರು ಗುಂಪು. ಭಿಶಿಯ ಹಣ ಎರಡನೆಯ ಹಂಗಾಮಿನ ದೀಪಾವಳಿಗೆ ಮೊದಲೇ ಮನೆಯಾಕೆಯ ಕೈಗೆ ಮರಳಿತು.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ರಾತ್ರಿಯ ನಡಿಗೆ ಸಾಗಲಿಲ್ಲ, ಧಾರವಾಡ ಬೇಗ ಮಲಗುವ ಊರು. ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ವನ್ನು ಕೇಂದ್ರವಾಗಿಟ್ಟು ಸಂಗೀತದ ಒಂದು ದಿನ ಮಾಡಿದೆ, ಬಂದವರು ಕಡಿಮೆ, ಆದರೆ ಪುಣೆ, ಬೆಳಗಾವಿಗಳಿಂದ ಬಂದ ರಸಿಕರು ದರ ಕೇಳದೆ ಕೊಟ್ಟರು, ಇದನ್ನು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಇಟ್ಟುಕೊಂಡಿದ್ದೇನೆ. ಗರಗಕ್ಕೆ ಹೋಗಿ ರಾಷ್ಟ್ರಧ್ವಜದ ಖಾದಿ ನೇಯುವುದನ್ನು ತೋರಿಸುವುದು ಮಕ್ಕಳಿರುವ ಕುಟುಂಬಗಳಿಗೆ ಬಹಳ ಹಿಡಿಸಿತು. ಮಗ್ಗಗಳ ಮುಂದೆ ನಿಂತು, ಹಾರುವ ಬಾವುಟದ ಬಟ್ಟೆ ಇಂಥ ಹಳ್ಳಿಯಲ್ಲಿ ಕೈಯಿಂದ ತಯಾರಾಗುತ್ತದೆಂದು ತಿಳಿದ ಹುಡುಗನೊಬ್ಬ ಅಲ್ಲಿಂದ ಕದಲಲೇ ಒಪ್ಪಲಿಲ್ಲ. ಎಲ್ಲಕ್ಕಿಂತ ಅನಿರೀಕ್ಷಿತವಾಗಿ ಗೆದ್ದದ್ದು ಜುಲೈ ತಿಂಗಳ ಮಳೆಯ ನಡಿಗೆ. ನಮ್ಮ ಅರೆಮಲೆನಾಡಿನ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ಮಿರ್ಚಿ ಭಜಿ, ಗಿರ್ಮಿಟ್ ತಿನ್ನಿಸುವುದಷ್ಟೇ ಅದರ ಕಾರ್ಯಕ್ರಮ, ದರ 700. ಕೊಡೆಗಳನ್ನು ನಾನೇ ಕೊಂಡಿಟ್ಟಿದ್ದೇನೆ, ಡಜನ್ನಿಗೆ ಮೂರು ಸಾವಿರದಷ್ಟು ಬಿದ್ದಿತು. ಕಪ್ಪು ದೊಡ್ಡ ಕೊಡೆಗಳನ್ನೇ ಕೊಳ್ಳಿ, ಮಡಚುವ ಬಣ್ಣದ ಕೊಡೆಗಳು ನಮ್ಮ ಗಾಳಿಗೆ ಒಂದು ತಿಂಗಳೂ ನಿಲ್ಲುವುದಿಲ್ಲ.

ಏಪ್ರಿಲ್, ಮೇ ತಿಂಗಳುಗಳು ಇಲ್ಲಿಯವರೆಗೆ ಖಾಲಿಯೇ ಹೋಗುತ್ತಿದ್ದವು. ಈ ಬೇಸಿಗೆಯಿಂದ ಕೆಲಗೇರಿ ಕಡೆಯ ಆಪೂಸ್ ಮಾವಿನ ತೋಟವೊಂದರಲ್ಲಿ ಬೆಳಿಗ್ಗೆ ಆರಕ್ಕೆ ಆರಂಭಿಸಿ ಒಂಬತ್ತರ ಒಳಗೆ ಮುಗಿಯುವ ಸುತ್ತನ್ನು ಹಚ್ಚಿದ್ದೇನೆ, ಹಣ್ಣು ಕೊಯ್ಯುವುದು, ಮಾಗಲೆಂದು ಹುಲ್ಲಿನಲ್ಲಿ ಅಡೆ ಹಾಕುವುದು, ಪೇಟೆಗೆ ಬುಟ್ಟಿ ತುಂಬುವುದು. ತೋಟದವರಿಗೆ ಗುಂಪಿಗೆ ಸಾವಿರ ರೂಪಾಯಿ ಒಪ್ಪಿಕೊಂಡಿದ್ದೇನೆ, ಕೊಯ್ದ ಹಣ್ಣಿಗೆ ಪೇಟೆಯ ದರವೇ. ಇದು ಹಿಡಿದರೆ ನವಲೂರಿನ ಪೇರಲ ತೋಟಗಳವರ ಜೊತೆಗೂ ಮಾತನಾಡಬೇಕೆಂದಿದ್ದೇನೆ. ಅವರಲ್ಲಿ ಇಬ್ಬರು ಆಗಲೇ ಫೋನ್ ಮಾಡಿ, ತಲೆಗೆ ಎಷ್ಟು ಕೊಡುತ್ತೀರೆಂದು ಕೇಳಿದ್ದಾರೆ.